ರಟ್ಟು ತೋರಿಸಿದ ಕಡೆಗೆ

ಮಂಗಳವಾರ ಮಧ್ಯಾಹ್ನ ಆರ್ಲೊ ವೆಸ್ಟ್ರಮ್ ಹೆಲ್ಮೆಟ್ಟು, ಭುಜದ ಕವಚ, ಬೂಟು ಎಲ್ಲವನ್ನೂ ತಬ್ಬಿಕೊಂಡು ಸಾಮಾನಿನ ಕೋಣೆಯ ಕಿಟಕಿಗೆ ಬಂದ. ಒಳಗೆ ಲೈಲ್ ಹಾಗನ್ ಟವೆಲು ಮಡಿಸುತ್ತಿದ್ದ. ಮೂವತ್ತೊಂದು ವರ್ಷದಿಂದ ಆ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ಬಟ್ಟೆಬರೆ ನೋಡಿಕೊಳ್ಳುತ್ತಿದ್ದ ಮುದುಕ ಅವನು. ಆಗಿನ್ನೂ ಅಕ್ಟೋಬರ್. ಹತ್ತು ಪಂದ್ಯಗಳಲ್ಲಿ ಐದು ಮುಗಿದಿದ್ದವು ಅಷ್ಟೆ. ನಡುವೆ ಸಾಮಾನು ವಾಪಸು ಬಂತೆಂದರೆ ಯಾರದೋ ಮೂಳೆ ಮುರಿದಿದೆ ಎಂದೇ ಲೆಕ್ಕ. ಲೈಲ್ ಹುಡುಗನ ಕೈಕಾಲು ನೋಡಿದ. ಎಲ್ಲ ನೆಟ್ಟಗಿದ್ದವು.

"ಏನು ತಮ್ಮಾ ಇದು?"

"ಬಿಟ್ಬಿಟ್ಟೆ ಲೈಲ್. ತಗೊಳ್ಳಿ."

ಲೈಲ್ ತಗೊಳ್ಳಲಿಲ್ಲ. ಅಲ್ಲೇ ಹಲಗೆಯ ಮೇಲಿಡು ಅಂದು, ಫೋನೆತ್ತಿ ಕೋಚ್ ಬ್ರಾಂಡ್ಟ್‌ಗೆ ಹೇಳಿದ.

ಆ ಆಟದಲ್ಲಿ ಚೆಂಡನ್ನು ಒದೆಯುವುದಕ್ಕಿಂತ ಕೈಯಲ್ಲಿ ಎಸೆಯುವುದೇ ಹೆಚ್ಚು, ಆರ್ಲೊ ಚೆಂಡು ಎಸೆಯುವವನು. ತಂಡದಲ್ಲಿ ಎಸೆಗಾರರು ಮೂವರು, ಇವನು ಮೂರನೆಯವನು. ಮೊದಲಿನ ಇಬ್ಬರಿಗೂ ಏನಾದರೂ ಆದರೆ ಇವನ ಪಾಳಿ. ಮೂರು ವರ್ಷದಲ್ಲಿ ಆ ಇಬ್ಬರಿಗೂ ಒಟ್ಟಿಗೆ ಏನೂ ಆಗಿರಲಿಲ್ಲ. ಪ್ರತಿ ಶನಿವಾರ ಮಡಿಕೆ ಕೆಡದ ಅಂಗಿ ತೊಟ್ಟು ಮೈದಾನದ ಗೆರೆಯಾಚೆ ನಿಲ್ಲುತ್ತಿದ್ದ. ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಸೋಮವಾರದಿಂದ ಗುರುವಾರದವರೆಗೆ ಮಾತ್ರ ಅವನಿಗೆ ಕೈತುಂಬ ಕೆಲಸ. ಬರುವ ಶನಿವಾರದ ಎದುರಾಳಿಗಳಂತೆ ಆಡಿ ತೋರಿಸಬೇಕು. ಅವರ ಎಸೆಗಾರನ ನಂಬರಿನ ಅಂಗಿ ಹಾಕಿಕೊಂಡು, ಅವನು ಎಲ್ಲಿ ಎಸೆಯುತ್ತಾನೋ ಅಲ್ಲೇ ಎಸೆಯಬೇಕು. ತಮ್ಮವರು ಅದನ್ನು ನೋಡಿ ತಡೆಯುವುದನ್ನು ಕಲಿಯಬೇಕು. ಪ್ರತಿ ಎಸೆತಕ್ಕೂ ಮುಂಚೆ ಸಹಾಯಕ ಕೋಚ್ ಒಂದು ರಟ್ಟು ಎತ್ತಿ ಹಿಡಿಯುತ್ತಿದ್ದ. ಅದರಲ್ಲಿ ಬಾಣದ ಗುರುತು. ಬಾಣ ಎತ್ತ ಇದೆಯೋ ಚೆಂಡು ಅತ್ತ. ಇನ್ನೊಂದು ಕಡೆ ತನ್ನವನೊಬ್ಬ ಒಂಟಿಯಾಗಿ ಕೈ ಬೀಸುತ್ತಿದ್ದರೂ, ಬಾಣದ ಕಡೆ ಮೂವರು ತಡೆಯುವವರು ಬಾಯಿ ತೆರೆದುಕೊಂಡು ಕಾಯುತ್ತಿದ್ದರೂ, ಬಾಣವೇ ಸರಿ.

ಹಿಂದಿನ ದಿನ, ಸೋಮವಾರ, ಒಂದು ಸಲ ಅವನ ಕೈ ಮಾತು ಕೇಳಲಿಲ್ಲ. ಬಾಣ ಬಲಕ್ಕಿತ್ತು. ಎಡಕ್ಕೆ ಅವನ ರೂಮಿನ ಜೊತೆಗಾರ ಪೀಟ್ ಒಬ್ಬನೇ ಇದ್ದ. ಎಡಕ್ಕೆ ಎಸೆದ. ಪೀಟ್ ಹಿಡಿದು ಕೊನೆಯ ಗೆರೆವರೆಗೂ ಓಡಿದ, ಒಬ್ಬನೂ ಮುಟ್ಟಲಿಲ್ಲ. ಕೋಚ್ ಸೀಟಿ ಊದಿದ. ರಟ್ಟಿನಲ್ಲಿ ಹಾಗಿದೆಯೇನೋ ಅಂತ ಕೇಳಿ ಮತ್ತೆ ಮಾಡಿಸಿದ. ಆರ್ಲೊ ಬಲಕ್ಕೆ ಎಸೆದ, ತಡೆಯುವವನು ನಿಂತಲ್ಲೇ ಹಿಡಿದ. ಎಲ್ಲರೂ ಹಿಡಿದವನ ಬೆನ್ನು ತಟ್ಟಿದರು. ಕೋಚ್ ಕೂಡ ಶಭಾಷ್ ಅಂದ.

ಬ್ರಾಂಡ್ಟ್ ಸಾಮಾನಿನ ಕೋಣೆಗೆ ಬಂದಾಗ ಅವನ ಕತ್ತಿನಲ್ಲಿ ಸೀಟಿ ಜೋತಾಡುತ್ತಿತ್ತು. ಒಳ್ಳೆಯ ಮನುಷ್ಯ, ಸುಳ್ಳಾಡುವವನಲ್ಲ. ಮೈಗೇನಾದರೂ ಆಯಿತೇ, ಓದಿನಲ್ಲಿ ಹಿಂದೆ ಬಿದ್ದೆಯಾ, ಹುಡುಗಿ ಏನಾದರೂ ಅಂದಳಾ ಎಂದು ಒಂದೊಂದಾಗಿ ಕೇಳಿದ. ಆರ್ಲೊ ಒಂದೊಂದಕ್ಕೂ ಇಲ್ಲ ಅಂದ. ಸಾಕಾಯಿತು, ಅಷ್ಟೇ ಅಂದ.

"ಈ ವಾರಾನೇ ಸಾಕಾಗ್ಬೇಕಾ ನಿಂಗೆ?" ಅಂದ ಕೋಚ್.

ಅದಕ್ಕೆ ಕಾರಣವಿತ್ತು. ಶನಿವಾರ ಬರುವವರ ಎಸೆಗಾರ ಎಡಚ. ಎಡಚನ ಚೆಂಡು ಬೇರೆ ಕಡೆಯಿಂದ ಬರುತ್ತದೆ, ಗಾಳಿಯಲ್ಲಿ ಬೇರೆ ಥರ ತಿರುಗುತ್ತದೆ. ರೂಢಿ ಇಲ್ಲದವರು ತಡಕಾಡಿಬಿಡುತ್ತಾರೆ. ಎಂಬತ್ತು ಜನರ ಆ ತಂಡದಲ್ಲಿ ಇದ್ದ ಎಡಚ ಎಸೆಗಾರ ಆರ್ಲೊ ಒಬ್ಬನೇ. ಮೂರು ವರ್ಷದಲ್ಲಿ ಅವನಿಲ್ಲದೆ ಆಗುವುದಿಲ್ಲ ಎನ್ನುವಂಥ ವಾರ ಇದೊಂದೇ, ಅವನು ಬಿಟ್ಟದ್ದೂ ಇದೇ ವಾರ. ಬೇಕೆಂದು ಹಾಗೆ ಮಾಡಿರಲಿಲ್ಲ. ಎಡಚನ ವಿಷಯ ಅವನಿಗೆ ಗೊತ್ತಿದ್ದರೂ ಹೊಳೆದಿರಲಿಲ್ಲ.

ಆರ್ಲೊ ತಲೆ ಬಗ್ಗಿಸಿಕೊಂಡು ಹೊರಟುಹೋದ. ಸಾಮಾನು ಹಲಗೆಯ ಮೇಲೇ ಉಳಿಯಿತು. ಲೈಲ್ ಅದನ್ನು ಒಳಕ್ಕೆ ಎತ್ತಿಡಲೂ ಇಲ್ಲ, ಪಟ್ಟಿಯಲ್ಲಿ ಅವನ ಹೆಸರು ಹೊಡೆದುಹಾಕಲೂ ಇಲ್ಲ.

ಸಂಜೆ ಆರ್ಲೊ ತಾಯಿಗೆ ಫೋನು ಮಾಡಿದ. ಇಂಗ್ರಿಡ್ ನಲವತ್ತು ಮೈಲಿ ಆಚೆಯ ಊರಿನಲ್ಲಿ ಶಾಲೆಯ ಅಡಿಗೆ ಮಾಡುವವಳು. ಪ್ರತಿ ಶನಿವಾರ ಕಾರು ಓಡಿಸಿಕೊಂಡು ಬಂದು, ಮಗ ನಿಂತಿರುವುದನ್ನು ನೋಡಿ ಹೋಗುತ್ತಿದ್ದಳು. ಅವನು ಹೇಳುವುದನ್ನೆಲ್ಲ ಕೇಳಿಸಿಕೊಂಡಳು.

"ಮೂರು ವರ್ಷ ನಿನ್ನ ಬೆನ್ನು ನೋಡಿದೀನಿ," ಅಂದಳು. "ಆ ನಂಬರು ನಂಗೆ ಕಣ್ಣು ಮುಚ್ಚಿದ್ರೂ ಕಾಣ್ಸುತ್ತೆ. ಬಿಡೋದಾದ್ರೆ ಬಿಡು, ನಾನು ಬೇಡ ಅನ್ನಲ್ಲ. ಆದ್ರೆ ಸೋಮವಾರ ಹೋಗಿದ್ದೀಯಲ್ಲ?"

"ಹೂಂ."

"ವಾರ ಶುರು ಮಾಡಿದೋನು ವಾರ ಮುಗ್ಸು. ಅರ್ಧ ಬೇಯ್ಸಿದ್ದು ಯಾರಿಗೂ ಬೇಡ ಕಣೋ."

ಬುಧವಾರ ತಾಲೀಮಿನ ಹೊತ್ತಿಗೆ ಆರ್ಲೊ ಮತ್ತೆ ಕಿಟಕಿಗೆ ಬಂದ. ಲೈಲ್ ಸಾಮಾನನ್ನು ಅವನ ಕಡೆ ಸರಿಸಿದ. ಮೈದಾನದಲ್ಲಿ ಆರ್ಲೊ ನೇರ ಕೋಚ್ ಹತ್ತಿರ ಹೋಗಿ, ಗುರುವಾರದ ತನಕ ಇರುತ್ತೇನೆ, ಶನಿವಾರಕ್ಕೆ ಇಲ್ಲ ಅಂದ. ಇನ್ನೂ ಒಂದು ಮಾತು ಉಳಿದಿತ್ತು.

"ರಟ್ಟು ಬೇಡ ಕೋಚ್. ಆ ಎಡಚ ರಟ್ಟು ನೋಡ್ಕೊಂಡು ಎಸೀತಾನಾ?"

ಬ್ರಾಂಡ್ಟ್ ಸೀಟಿಯನ್ನು ಕಚ್ಚಿಕೊಂಡು ಯೋಚಿಸಿದ. ಆಮೇಲೆ ರಟ್ಟಿನ ಕಟ್ಟು ಕೆಳಗಿಡು ಅಂತ ಸಹಾಯಕನಿಗೆ ಸನ್ನೆ ಮಾಡಿದ.

ಆ ಎರಡು ದಿನ ಆರ್ಲೊ ಕಣ್ಣಿಗೆ ಕಂಡ ಕಡೆ ಎಸೆದ. ಮೊದಲ ದಿನ ತಡೆಯುವವರು ದಿಕ್ಕು ಕಾಣದೆ ಒಬ್ಬರಿಗೊಬ್ಬರು ಬೈದಾಡಿಕೊಂಡರು. ಅವರ ಮುಂದಾಳು ಟಿಲ್ಲರಿ ಮೂರು ಸಲ ನೆಲಕ್ಕೆ ಬಿದ್ದು ಬಾಯಲ್ಲಿ ಹುಲ್ಲು ತುಂಬಿಕೊಂಡ. ಇಷ್ಟು ದಿನ ಇದನ್ನೆಲ್ಲ ಎಲ್ಲಿ ಬಚ್ಚಿಟ್ಟಿದ್ದೆ ಮಾರಾಯ ಅಂದ. ಗುರುವಾರ ಮೊದಲಿಗೆ ಎಸೆತಗಳಲ್ಲಿ ಕಾಲು ಭಾಗ ತಡೆದರು. ಕತ್ತಲಾಗುವ ಹೊತ್ತಿಗೆ ಅರ್ಧ ತಡೆದರು. ಆರ್ಲೊನ ಭುಜ ನೋಯುತ್ತಿತ್ತು. ಹೀಗೆ ನೋಯದೆ ಬಹಳ ಕಾಲವಾಗಿತ್ತು.

ಎಲ್ಲರೂ ಸ್ನಾನಕ್ಕೆ ಹೋದ ಮೇಲೆ ಬ್ರಾಂಡ್ಟ್ ಅವನನ್ನು ಪಕ್ಕಕ್ಕೆ ಕರೆದ. ಶನಿವಾರ ನಾವು ಮುಂದಿದ್ದರೆ ಕೊನೆಯ ಹೊತ್ತಿನಲ್ಲಿ ನಿನ್ನನ್ನು ಇಳಿಸುತ್ತೇನೆ, ಹತ್ತು ಎಸೆತ ನಿನ್ನದು, ಬೇಕಾದ ಕಡೆ ಎಸಿ ಅಂದ. ಆರ್ಲೊಗೆ ಕಿವಿ ಬಿಸಿಯಾಯಿತು. ಮೂರು ವರ್ಷ ಈ ಮಾತಿಗೇ ಅವನು ಆ ಗೆರೆಯ ಹತ್ತಿರ ನಿಂತಿದ್ದ. ತಾಯಿ ಮೇಲೆ ಕೂತು ನೋಡುವುದೂ ಕಣ್ಣ ಮುಂದೆ ಬಂತು. ಹೂಂ ಅನ್ನಲು ಬಾಯಿ ತೆರೆದಿದ್ದ, ಆದರೆ ಹೊರಬಿದ್ದದ್ದು ಬೇರೆ ಮಾತು.

"ಸೋಮವಾರ ಏನ್ಮಾಡ್ಲಿ ಕೋಚ್?"

ಬ್ರಾಂಡ್ಟ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಇಲ್ಲದ್ದನ್ನು ಹೇಳಿ ಹುಡುಗನನ್ನು ಉಳಿಸಿಕೊಳ್ಳಬಹುದಿತ್ತು. ಬೇರೆ ಯಾರಾದರೂ ಹೇಳುತ್ತಿದ್ದರು.

"ಸೋಮವಾರ ರಟ್ಟೇ ಕಣೋ," ಅಂದ. "ನನ್ಹತ್ರ ನಿಂಗಿಂತ ಚೆನ್ನಾಗಿ ಎಸೆಯೋರು ಇಬ್ರಿದಾರೆ."

"ಗೊತ್ತು ಕೋಚ್."

ಕೈ ಕುಲುಕಿದರು. ಆರ್ಲೊ ಸಾಮಾನು ತಂದು ಕಿಟಕಿಯಲ್ಲಿಟ್ಟ. ಈ ಸಲ ಲೈಲ್ ಒಂದೊಂದನ್ನೇ ತಿರುಗಿಸಿ ನೋಡಿ ಒಳಗಿಟ್ಟುಕೊಂಡ. ಬೂಟಿಗೆ ಮೆತ್ತಿದ್ದ ಮಣ್ಣು ಕೆರೆಯಲು ಹೋದವನಿಗೆ, ಬಿಡಪ್ಪಾ ನಾನು ಮಾಡ್ಕೋತೀನಿ ಅಂದ. ಪಟ್ಟಿ ತೆಗೆದು ಹೆಸರಿನ ಮೇಲೆ ಗೆರೆ ಎಳೆದ.

ಶನಿವಾರ ಆರ್ಲೊ ಮೊದಲ ಸಲ ಮೇಲಿನ ಬೆಂಚಿನಲ್ಲಿ ತಾಯಿಯ ಪಕ್ಕ ಕೂತ. ಚಳಿಯಿತ್ತು. ಇಂಗ್ರಿಡ್ ತನ್ನ ಕಂಬಳಿಯ ಅರ್ಧವನ್ನು ಅವನ ಮೊಣಕಾಲಿಗೆ ಹೊದಿಸಿದಳು, ಅವನು ಬೇಡ ಅನ್ನಲಿಲ್ಲ. ಎದುರಾಳಿಗಳ ಎಡಚ ಮೈದಾನಕ್ಕೆ ಬಂದ. ಅವನು ಎಸೆಯುವ ಮುಂಚೆಯೇ ಆರ್ಲೊ ತನ್ನಷ್ಟಕ್ಕೆ, ಎಡಕ್ಕೆ, ಉದ್ದಕ್ಕೆ ಅಂದ. ಚೆಂಡು ಎಡಕ್ಕೆ ಉದ್ದಕ್ಕೆ ಹೋಯಿತು. ಎರಡನೆಯದಕ್ಕೆ ನಡುವೆ, ಗಿಡ್ಡ ಅಂದ. ಹಾಗೇ ಆಯಿತು. ಮೂರನೆಯದನ್ನು ಅವನು ಹೇಳುವಷ್ಟರಲ್ಲಿ ಕೆಳಗೆ ಟಿಲ್ಲರಿ ಆಗಲೇ ಅತ್ತ ಓಡುತ್ತಿದ್ದ. ಮುಂದಿನ ಸಾಲಿನ ಟೋಪಿಯ ಮುದುಕನೊಬ್ಬ ಹಿಂದೆ ತಿರುಗಿ, ಯಾರಪ್ಪ ನೀನು ಅನ್ನುವ ಹಾಗೆ ನೋಡಿದ.

"ಮೆಲ್ಲಗೆ ಹೇಳೋ," ಅಂದಳು ಇಂಗ್ರಿಡ್. ಕಂಬಳಿ ಸರಿಮಾಡಿಕೊಂಡು ಅವನ ಹತ್ತಿರಕ್ಕೆ ಬಗ್ಗಿದಳು. "ಈಗೆಲ್ಲಿಗೆ?"