ನಾಲ್ಕು ಸಲ, ಆಮೇಲೆ ಒಂದೇಟು

ಯಾರಯ್ಯಾ ಅದು, ನಮ್ಮ ಅಭಿಮಾನಿ ಸಂಘದ ಗ್ರೂಪಲ್ಲಿ "ತಾತಂಗೆ ಅರಳು ಮರಳು" ಅಂತ ಬರೆದಿರೋದು? ಅರಳು ಮರಳು ನಿಮ್ಮಪ್ಪಂಗೆ. ನನ್ನ ಮಂಡಿ ಹೋಗಿದೆ, ಹಲ್ಲು ಹೋಗಿದೆ, ನೆನಪಿಗೇನೂ ಆಗಿಲ್ಲ. ನೀವೆಲ್ಲ ಹುಟ್ಟೋಕೆ ಮುಂಚೆ ಗೊಗ್ಗರಣ್ಣನ್ನ ಕಣ್ಣಾರೆ ನೋಡಿದೋನು ನಾನು. ಆ ಒಡಕಲು ಗಂಟಲಲ್ಲೇ ರಾಕ್ ಅಂಡ್ ರೋಲ್ ಹಾಡಿ ಊರೂರನ್ನೇ ಕುಣಿಸಿದ ಮನುಷ್ಯ. ನೀವು ಅವನ ಮುಖ ಇರೋ ಟೀ ಶರ್ಟ್ ಹಾಕ್ಕೊಂಡೋರು, ಅಷ್ಟೇ.

ವಿಷ್ಯಕ್ಕೆ ಬರ್ತೀನಿ. ಈ ಭಾನುವಾರ ಅವನು ತೀರ್ಕೊಂಡ ದಿನ. ಪ್ರತಿ ವರ್ಷದ ಹಾಗೆ ಎಲ್ರೂ ಸೇರಿ ಅವನ ಹಾಡು ಹಾಡ್ತೀವಿ. "ಬಾಗಿಲು ತೆಗಿ, ನಾನೇ ಬಂದಿದೀನಿ" ಅನ್ನೋ ಸಾಲನ್ನ ನಮ್ಮೂರಲ್ಲಿ ನಾಲ್ಕು ಸಲ ಹಾಡಿ, ಆಮೇಲೆ ಎಲ್ರೂ ಒಟ್ಟಿಗೆ ಬೆಂಚಿಗೆ ಒಂದೇಟು ಹಾಕ್ತೀವಿ. ಈಗ ನಮ್ಮ ಹೊಸ ಅಧ್ಯಕ್ಷ, ಇನ್ನೂ ಮೀಸೆ ಸರಿಯಾಗಿ ಮೂಡಿಲ್ಲ, "ಮೂಲದಲ್ಲಿ ಒಂದೇ ಸಲ ಇದೆ, ಏಟೂ ಇಲ್ಲ, ಈ ಸಲ ಶುದ್ಧವಾಗಿ ಹಾಡೋಣ" ಅಂತ ಹಾಕಿದಾನೆ. ಮಿಕ್ಕೋರೆಲ್ಲ ಹೆಬ್ಬೆಟ್ಟು ಒತ್ತಿದೀರಿ. ಅದನ್ನ ನಮ್ಮಕ್ಕಂಗೆ ಅವಳ ಮೊಮ್ಮಗಳು ತೋರಿಸಿದಾಳೆ. ಅಕ್ಕ ಕನ್ನಡಕ ತೆಗೆದಿಟ್ಟು, "ಭಾನುವಾರ ನಾನು ಬರಲ್ಲ ಕಣೋ" ಅಂದ್ಲು. ಒಂದು ವರ್ಷಾನೂ ತಪ್ಪಿಸಿದೋಳಲ್ಲ.

ಮೂಲ ಅಂತೆ ಮೂಲ. ಕೇಳಿ.

ಅಕ್ಕನ ಟೈಲರಿಂಗ್ ಅಂಗಡಿ ಇದ್ದಿದ್ದು ಬಸ್ ಸ್ಟ್ಯಾಂಡ್ ಎದುರಿಗೆ. ಅವಳು ಬಾಗಿಲ ಹತ್ರ ಹೊಲಿಗೆ ಮೆಷಿನ್ ಮೇಲೆ, ನಾನು ಮಧ್ಯದಲ್ಲಿ, ಕಾಜಾ, ಗುಂಡಿ, ಇಸ್ತ್ರಿ. ಒಳಗಿನ ಗೋಡೆಗೆ ಬಟ್ಟೆ ಕತ್ತರಿಸೋ ಮೇಜು, ಅದರ ಮೇಲೇ ರೆಕಾರ್ಡ್ ಪ್ಲೇಯರು. ಊರಲ್ಲಿ ಆ ಹಾಡಿನ ಪ್ಲೇಟು ಇದ್ದಿದ್ದು ಅದೊಂದೇ. ಬಸ್ ಕಾಯೋರು, ಬಸ್ ತಪ್ಪಿಸ್ಕೊಂಡೋರು, ಯಾವ ಬಸ್ಸೂ ಬೇಡದೋರು, ಎಲ್ಲ ನಮ್ಮ ಬಾಗಿಲಲ್ಲಿ ನಿಂತೇ ಕಲಿತಿದ್ದು. ಒಂದಿನ ಯಾರದೋ ಕೋಟಿನ ಬಟ್ಟೆ ಕತ್ತರಿಸ್ತಾ ಅಕ್ಕನ ಕೈಯಿಂದ ದೊಡ್ಡ ಕತ್ತರಿ ಜಾರಿ ಪ್ಲೇಟ್ ಮೇಲೆ ಬಿತ್ತು. ಗೀರಾಯ್ತು. ಅವತ್ತಿಂದ ಮುಳ್ಳು ಆ ಸಾಲಲ್ಲೇ ಸಿಕ್ಕಾಕ್ಕೊಂಡು ಹೇಳಿದ್ದನ್ನೇ ಹೇಳೋದು. ಅಕ್ಕ ಹೊಲಿಗೆ ನಿಲ್ಲಿಸಿ, ಎದ್ದು, ನನ್ನ ಇಸ್ತ್ರಿ ಪೆಟ್ಟಿಗೆ ದಾಟ್ಕೊಂಡು ಬರೋಷ್ಟರಲ್ಲಿ ನಾಲ್ಕು ಸಲ ಆಗಿರೋದು. ಮೇಜಿಗೆ ಒಂದೇಟು ಕೊಡೋಳು. ಹಾಡು ಮುಂದಕ್ಕೆ ಹೋಗೋದು. ಹತ್ರ ಇದ್ದೋನು ನೀನೇ ಹೊಡೀಬಾರ್ದಿತ್ತಾ ಅಂತೀರಾ? ಆ ಪ್ಲೇಯರ್ ಮುಟ್ಟೋಕೆ ಅವಳು ಯಾರನ್ನೂ ಬಿಡ್ತಿರ್ಲಿಲ್ಲ. ತಮ್ಮನ್ನ ಅಂತೂ ಬಿಡ್ತಿರ್ಲಿಲ್ಲ.

ಊರು ಹಾಗೇ ಕಲಿತು. ಹಾಡು ಇರೋದೇ ಹಾಗೆ ಅಂದ್ಕೊಂಡ್ರು. ಅಕ್ಕನೂ ಸುಮ್ನಿದ್ಲು. ಗೊಗ್ಗರಣ್ಣ ನಮ್ಮೂರಿಗೆ ಯಾಕೆ ಬರ್ತಾನೆ, ಬಿಡು ಅಂತ.

ಬಂದ.

ಟೌನ್ ಹಾಲಲ್ಲಿ ಕಾಲಿಡೋಕೆ ಜಾಗ ಇಲ್ಲ, ಕಿಟಕಿ ಮೇಲೂ ಜನ. ನಾವು ಎರಡನೇ ಸಾಲು. ಹಾಡು ಶುರುವಾಯ್ತು, ಆ ಸಾಲು ಬಂತು. ಅವನು ಒಂದ್ಸಲ ಹಾಡಿ ಮುಂದೆ ಹೋದ. ಊರು ಹೋಗ್ಲಿಲ್ಲ. ಇಡೀ ಹಾಲು ಅಲ್ಲೇ ನಿಂತು ಇನ್ನೂ ಮೂರು ಸಲ ಹಾಡಿ, ಬೆಂಚಿಗೆ ದಬ್ ಅಂತ ಕೊಡ್ತು. ಡ್ರಮ್ಮಿನೋನ ಕೋಲು ಕೈಯಿಂದ ಹಾರಿಹೋಯ್ತು. ಗಿಟಾರಿನೋರು ಮುಖ ಮುಖ ನೋಡ್ಕೊಂಡ್ರು. ಹಾಡು ಮಕಾಡೆ ಮಲಗ್ತು.

"ಯಾರಪ್ಪಾ ನಿಮ್ಗೆ ಇದನ್ನ ಕಲಿಸ್ದೋರು?" ಅಂದ ಗೊಗ್ಗರಣ್ಣ, ಮೈಕಲ್ಲೇ.

ಇಡೀ ಊರು ಅಕ್ಕನ ಕಡೆ ಬೆರಳು ತೋರಿಸ್ತು. ಅವಳ ಕೈಲಿ ಪುಕ್ಕಟೆ ಗುಂಡಿ ಹಾಕಿಸ್ಕೊಂಡೋರೇ ಮೊದಲು.

ಅಕ್ಕ ನನ್ನ ತೋಳು ಹಿಡ್ಕೊಂಡು, "ಭೂಮಿ ಬಾಯಿ ಬಿಡಬಾರ್ದಾ" ಅಂದ್ಲು. ಬಿಡಲಿಲ್ಲ. ಎದ್ದು ನಿಂತ್ಲು. "ಕತ್ತರಿ ಬಿತ್ತು ಸಾರ್. ಮುಳ್ಳು ಸಿಕ್ಕಾಕ್ಕೊಳ್ಳೋದು. ನಾನು ಎದ್ದು ಬರೋ ಹೊತ್ತಿಗೆ ನಾಲ್ಕಾಗೋದು. ಆ ಏಟು ನಾನು ಮೇಜಿಗೆ ಹೊಡೀತಿದ್ದಿದ್ದು. ತಪ್ಪಾಯ್ತು."

ಅವನು ಕತ್ತು ಕೆರ್ಕೊಂಡ. "ಅಲ್ಲಮ್ಮಾ, ಇಷ್ಟು ವರ್ಷದಿಂದ ಬಾಗಿಲು ತೆಗಿ, ಬಾಗಿಲು ತೆಗಿ ಅಂತ ಬಡ್ಕೋತಿದೀನಿ. ಒಂದ್ಸಲಾನೂ ಬಾಗಿಲು ತಟ್ಟಿಲ್ವಲ್ಲ ನಾನು!" ಹಿಂದಕ್ಕೆ ತಿರುಗಿ, "ಮೊದಲಿಂದ ಬಿಡ್ರೋ. ಇವರ ಥರ" ಅಂದ. ನಾಲ್ಕು ಸಲ ಹಾಡಿ, ಗಿಟಾರಿನ ಮೈಗೆ ತಾನೇ ತಟ್ಟಿದ.

ಬೇರೆ ಊರಲ್ಲೂ ಹಾಗೇ ಹಾಡಿದ್ನಾ? ನಂಗೊತ್ತಿಲ್ಲ, ನಾನು ಹೋಗಿರ್ಲಿಲ್ಲ. ಅವನೇ ಹಾಗೆ ಹಾಡಿದಾನೆ ಅಂತ ನಾನು ಮೊನ್ನೆ ಗ್ರೂಪಲ್ಲಿ ಅಂದಿದ್ದಕ್ಕೆ, ಫೋನಲ್ಲಿ ವಿಡಿಯೋ ಇಲ್ವಾ ಅಂತ ಅಧ್ಯಕ್ಷರು ಕೇಳಿದಾರೆ. ಆಗ ಫೋನು ವೈರ್ ಸಮೇತ ಗೋಡೆಗೆ ಅಂಟ್ಕೊಂಡಿರ್ತಿತ್ತಪ್ಪಾ. ಕಿತ್ಕೊಂಡು ಹೋಗ್ಬೇಕಿತ್ತು, ತೋಚಲಿಲ್ಲ.

ಈಗ ಅಕ್ಕಂಗೆ ಕಿವಿ ಪೂರ್ತಿ ಹೋಗಿದೆ. ನೀವು ಎಷ್ಟೇ ಶುದ್ಧವಾಗಿ ಹಾಡಿದ್ರೂ ಅವಳಿಗೆ ಕಾಣೋದು ಬಾಯಿ ಅಲ್ಲಾಡೋದಷ್ಟೇ. ಅವಳಿಗೆ ಸಿಗೋದು ಆ ಏಟೊಂದೇ, ಬೆಂಚಿನ ಮರದಿಂದ ಬೆನ್ನಿಗೆ ಬರುತ್ತೆ. ಹೋದ ವರ್ಷ ಅದು ಬಂದ ತಕ್ಷಣ ಅವಳು ಮುಂದಿನ ಸಾಲು ಹಿಡಿದಿದ್ಲು. ಪಕ್ಕದಲ್ಲೇ ಕೂತಿದ್ದೆ, ಕೇಳಿದೀನಿ.

ಅವಳನ್ನ ಕರ್ಕೊಂಡು ಬರೋ ಜವಾಬ್ದಾರಿ ನಂದು. ಏಟು ನಿಮ್ದು. ಮಗು ಮಲಗಿಸೋ ಥರ ತಟ್ಬೇಡಿ, ಸರಿಯಾಗಿ ಕೊಡಿ. ನನ್ನ ವಾಯ್ಸ್ ಮೆಸೇಜ್ ಬಂದ್ರೆ ತೆಗೆಯದೇ ಇರೋರು ಗ್ರೂಪಲ್ಲಿ ಬಹಳ ಜನ ಇದೀರಿ, ನಂಗೊತ್ತು. ಇಲ್ಲೀವರೆಗೂ ಕೇಳಿಸ್ಕೊಂಡೋರು ಮಿಕ್ಕೋರಿಗೆ ಬಾಯಲ್ಲಾದ್ರೂ ಹೇಳಿ. ಮೊದಲು ಅಧ್ಯಕ್ಷಂಗೆ.