ನಲವತ್ತೊಂದನೇ ದೃಶ್ಯಕ್ಕೆ ಜಾಗ

ಬಿಸಿಯಾದ ಲ್ಯಾಪ್‌ಟಾಪಿನಿಂದಲೋ ಏನೋ, ಸೈಕ್ಲೋಸ್ಟೈಲ್ ಶಾಯಿಯ ವಾಸನೆ ಬಂದಂತಾಯಿತು, ಅಮ್ಮನ ಶಾಲೆಯ ಆಫೀಸಿನ ವಾಸನೆ, ಪರೀಕ್ಷೆಯ ಹಿಂದಿನ ದಿನ ಪ್ರಶ್ನೆಪತ್ರಿಕೆ ಅಚ್ಚು ಹಾಕಿದ ಅಮ್ಮನ ಬೆರಳಿಗೆ ಅಂಟಿಕೊಂಡು ಮನೆಗೂ ಬರುತ್ತಿದ್ದದ್ದು, ಏಳು ವರ್ಷದ ಅವಳು ಮೇಜಿನ ಕೆಳಗೆ ಕೂತು ಹಾಳಾದ ಹಾಳೆಗಳನ್ನು ಉದ್ದಕ್ಕೆ ಮಡಿಸುತ್ತಿದ್ದಳು, ಎಡಕ್ಕೆ ಕಂಡದ್ದು ಬರಿ, ಬಲಕ್ಕೆ ಕೇಳಿದ್ದು ಬರಿ, ಬಾಯಿ ಮಾತ್ರ ಬಿಡಬೇಡ, ಮಗು ಸುಮ್ಮನಿರಲಿ ಎಂದು ಅಮ್ಮ ಕಟ್ಟಿದ ಆಟ, ಇಪ್ಪತ್ತಾರು ವರ್ಷದಿಂದ ಅದೇ ಆಟ ಅವಳ ಕಸುಬು, ಹದಿನಾಲ್ಕು ಚಿತ್ರಕಥೆ, ಎಲ್ಲ ಕೈಬರಹ, ಎಲ್ಲ ನಡುವೆ ಮಡಿಕೆ ಬಿದ್ದ ಹಾಳೆ — ಈಗ ಗಂಟೆ ಎರಡೂವರೆ, ನಾಲ್ಕಕ್ಕೆ ಫೈಲು ಹೋಗಬೇಕು, ಬೆಳಿಗ್ಗೆಯೇ ನಿರ್ದೇಶಕನ ಫೋನು, ಅಕ್ಕಾ, ಬೇಜಾರು ಮಾಡ್ಕೋಬೇಡಿ, ನಿಮ್ಮ ಹಾಳೆ ಕಟ್ಟು ಇಲ್ಲಿ ಯಾರಿಗೂ ಓದೋಕಾಗ್ತಿಲ್ಲ, ಚಿತ್ರಕಥೆಗೆ ಅಂತಲೇ ಸಾಫ್ಟ್‌ವೇರ್ ಇದಾವೆ, ಯಾವ್ದಾದ್ರೂ ಒಂದು ಆರಿಸ್ಕೊಳ್ಳಿ, ಪುಟಕ್ಕೊಂದು ನಿಮಿಷದ ಸಿನಿಮಾ ಅಂತ ನಿರ್ಮಾಪಕರು ಎಣಿಸ್ತಾರೆ.

ಯಾವುದಾದರೂ ಒಂದು, ಎಷ್ಟು ಸಲೀಸಾಗಿ ಅಂದುಬಿಟ್ಟ, ಮೊದಲನೆಯದರಲ್ಲಿ ಒತ್ತಕ್ಷರಗಳೆಲ್ಲ ಬಿದ್ದ ಹಲ್ಲಿನ ಹಾಗೆ ಬಿಡಿಬಿಡಿ, ಅಣ್ಣ ತಮ್ಮ ಎಂದು ಬರೆದರೆ ಬಿಕ್ಕಳಿಸುತ್ತದೆ, ಎರಡನೆಯದರಲ್ಲಿ ಎರಡು ಅಂಕಣ, ಎಡಕ್ಕೆ ಚಿತ್ರ ಬಲಕ್ಕೆ ಧ್ವನಿ, ಅಯ್ಯೋ ನನ್ನ ಮಡಿಕೆ ಹಾಳೆ ಎಂದು ಖುಷಿಗೆ ಕುರ್ಚಿಯಿಂದ ಎದ್ದೇಬಿಟ್ಟಿದ್ದಳು, ಕಳಿಸಿದ ಐದೇ ನಿಮಿಷಕ್ಕೆ ಫೋನು, ಅಕ್ಕಾ, ಅದು ಜಾಹೀರಾತಿನೋರದ್ದು, ನಮ್ಮಲ್ಲಿ ತೆರೆಯಲ್ಲ, ಮೂರನೆಯದು ಪುಕ್ಕಟೆ, ಅಕ್ಷರವೂ ನೆಟ್ಟಗಿದೆ, ಅವರಲ್ಲೂ ತೆರೆಯುತ್ತದೆ, ಆದರೆ ಇರುವುದೊಂದೇ ಅಂಕಣ, ಚಪ್ಪಲಿ ಅಂಗಡೀಲಿ ಕೂತ ಹಾಗಾಯ್ತಲ್ಲಮ್ಮ ನಿನ್ನ ಕಥೆ, ಹಾಕೋದು ಬಿಚ್ಚೋದು, ಬಾಗಿಲಲ್ಲಿ ಮಾವ, ಗಂಡನ ಅಪ್ಪ, ನಲವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿ ಕತ್ತು ಬಾಗಿದ ಮಾವ, ಹೌದು ಮಾವ, ಎಲ್ಲಾನೂ ಕಚ್ಚುತ್ತೆ, ಮಾವ ನಕ್ಕು ಹೋದರು, ಆಚೆ ಕೋಣೆಯಲ್ಲಿ ಹಾಡುತ್ತಿದ್ದ ರೇಡಿಯೋ ನಿಂತಿತು, ನಿಲ್ಲಿಸಿ ಎಂದು ಅವಳೇನೂ ಹೇಳಿರಲಿಲ್ಲ.

ನಲವತ್ತೊಂದು, ಎಲ್ಲ ಕೆಟ್ಟದ್ದು ನಲವತ್ತೊಂದರಲ್ಲೇ, ಆಸ್ಪತ್ರೆಯ ಓಣಿ, ಬೆಂಚು, ಒಳಗೆ ತಾಯಿಗೆ ಆಪರೇಷನ್, ಹೊರಗೆ ಹನ್ನೊಂದು ವರ್ಷ ಮಾತು ಬಿಟ್ಟ ಅಣ್ಣ ತಮ್ಮ, ಅವಳ ಹಾಳೆಯಲ್ಲಿ ಅದು ನಾಲ್ಕು ಪುಟ, ಎಡಕ್ಕೆ ಅಲ್ಲೊಂದು ಇಲ್ಲೊಂದು ಸಾಲು, ಬಲಕ್ಕೆ ಏನೂ ಇಲ್ಲ, ಕೊನೆಯವರೆಗೂ ಬಿಳಿ, ಆ ಬಿಳಿಯೇ ದೃಶ್ಯ, ಅದಕ್ಕಾಗಿಯೇ ಅಲ್ಲವೇ ಉಳಿದ ಅರವತ್ತು ದೃಶ್ಯ ಬರೆದದ್ದು, ಈ ಮೂರನೆಯದರಲ್ಲಿ ಹಾಕಿದರೆ ನೀರಿಗೆ ಬಿದ್ದ ಬಟ್ಟೆಯ ಹಾಗೆ ಮುದುಡಿ ಅರ್ಧ ಪುಟವೂ ಇಲ್ಲ, ಮತ್ತೆ ಫೋನು, ಅಕ್ಕಾ, ನಲವತ್ತೊಂದು ಇಷ್ಟೇನಾ, ತೆಗೆದುಬಿಡಿ ಅಂತಿದಾರೆ ನಿರ್ಮಾಪಕರು, ನಾಲ್ಕು ಗಂಟೆ ಫೈಲಲ್ಲಿ ಏನಾದ್ರೂ ಮಾಡಿ, ನಾನಂತೂ ವಾದ ಮಾಡಿ ಸಾಕಾಗಿದೀನಿ — ಖಾಲಿ ಸಾಲು ಬಿಟ್ಟರೆ ಸಾಫ್ಟ್‌ವೇರ್ ನುಂಗಿಬಿಡುತ್ತದೆ, ಮೌನ ಎಂದು ಬರೆದಳು, ಮತ್ತೂ ಮೌನ ಎಂದು ಬರೆದಳು, ಥೂ, ನಾಟಕದ ಕಂಪನಿಯೇ ಇದು, ಅಳಿಸಿದಳು, ಅಣ್ಣನ ಬಾಯಲ್ಲಿ ಹೇಗಿದ್ದೀಯೋ ಅನ್ನಿಸಿದಳು, ಅಳಿಸಿದಳು, ಅವನು ಅನ್ನುವವನಲ್ಲ, ಅಂದು ಅಪ್ಪ ಅನ್ನಲಿಲ್ಲ, ಚಿಕ್ಕಪ್ಪನೂ ಅನ್ನಲಿಲ್ಲ, ಇಬ್ಬರ ನಡುವೆ ಆ ಬೆಂಚಿನ ಮೇಲೆ ಒಂಬತ್ತು ವರ್ಷದ ಅವಳೇ ಕೂತಿದ್ದಳು, ಅಜ್ಜಿ ಒಳಗೆ, ಕಾಲು ನೆಲಕ್ಕೆ ಎಟಕುತ್ತಿರಲಿಲ್ಲ, ಇಡೀ ಮಧ್ಯಾಹ್ನ ಅಲ್ಲಿ ಏನೂ ಆಗಲಿಲ್ಲ, ಏನೂ ಅಂದರೆ ಏನೂ, ಏನೂ ಆಗದ್ದನ್ನು ಒಂದೇ ಅಂಕಣದಲ್ಲಿ ಬರೆಯುವುದು ಹೇಗೆ, ಗಂಟೆ ಮೂರೂಕಾಲು, ನಾಲ್ಕನೆಯ ಸಾಫ್ಟ್‌ವೇರ್ ಇಳಿಸಿಕೊಳ್ಳಲೇ, ಐದನೆಯದು, ಇಲ್ಲ ತೆಗೆದುಬಿಡಿ ಅಂದುಬಿಡಲೇ, ತೆಗೆದುಬಿಡಿ, ಎಷ್ಟು ಸುಲಭ —

ಮೇಜಿನ ಅಂಚಿಗೆ ಒಂದು ಕೈ ಬಂತು, ಮಾವನದು. ಹಾಳೆ ಕಟ್ಟನ್ನು ಅಂಗುಲದಷ್ಟು ಸರಿಸಿತು. ಇನ್ನೊಂದು ಕೈಯಲ್ಲಿ ಊಟದ ತಟ್ಟೆ. ಚಮಚದ ಹಿಡಿಯನ್ನು ಅವಳ ಎಡಗೈ ಕಡೆಗೆ ತಿರುಗಿಸಿತು, ಅವಳು ಎಡಚಿ ಅನ್ನುವುದು ಗಂಡನಿಗೇ ನೆನಪಿರುವುದಿಲ್ಲ. ತಟ್ಟೆ ಇಳಿಯಿತು, ಸದ್ದಾಗದ ಹಾಗೆ ಅಡಿಯಲ್ಲಿ ಕಿರುಬೆರಳು ಕೊಟ್ಟು. ಅವಳ ಬಲಗೈ ಆಗಲೇ ಕೀಲಿಮಣೆಯ ಮೇಲಿತ್ತು. ತಮ್ಮನ ಕೈ, ಬೆಂಚಿನ ಮೇಲೆ. ಒಂದು ಸಾಲು. ಅಣ್ಣ ತನ್ನ ಚೀಲ ಅಂಗುಲದಷ್ಟು ಸರಿಸುತ್ತಾನೆ. ಇನ್ನೊಂದು ಸಾಲು. ಒಂದೊಂದು ಚಲನೆಗೆ ಒಂದೊಂದು ಸಾಲು, ಮಾತಿಲ್ಲದೆಯೇ ಪುಟ ತುಂಬುತ್ತಿತ್ತು. ತಟ್ಟೆಯ ಕೆಳಗೆ ಕಿರುಬೆರಳು. ಮಾವ ಅದನ್ನು ಇನ್ನೂ ಎಳೆದುಕೊಂಡಿಲ್ಲ. ಕಿರುಬೆರಳು.