ಹದಿನಾರು ನಟ್ಟು

ವಾಚಕ ಮಹಾಶಯರೇ, ತಾವೀಗ ಪರರ ಮನಸ್ಸೊಂದನ್ನು ಅಪ್ಪಣೆಯಿಲ್ಲದೆ ಹೊಗಬೇಕಾಗಿದೆ. ಅದು ಕಾರಿನ ಪಕ್ಕದಲ್ಲಿ ಅಂಗಾತ ಬಿದ್ದಿರುವ ಹೆಂಗಸೊಬ್ಬಳದು, ಆದಕಾರಣ ದಯಮಾಡಿ ತಲೆ ತಗ್ಗಿಸಿ ಬರತಕ್ಕದ್ದು.

ಗುಳ್ಳೆ, ಸಾಸಿವೆಯಷ್ಟು, ಬ್ರೇಕ್ ಆಯಿಲಿನ ಜೊತೆ ಪಾರದರ್ಶಕ ಕೊಳವೆಯಲ್ಲಿ ಏರಿ ಬಂದು, ಬಾಟಲಿಗೆ ಇಳಿಯುವ ಮುನ್ನ ಒಂದು ಗಳಿಗೆ ನಿಂತು ಅವಳನ್ನೇ ನೋಡುತ್ತದೆ — ಒತ್ತು, ಎಂದಳು, ಒತ್ತಿದೀನಿ, ಎಂದ ಅಣ್ಣ ಮೇಲೆ ಸೀಟಿನಲ್ಲಿ ಕುಳಿತು, ಹಿಡ್ಕೋ, ಹಿಡ್ಕೊಂಡೇ ಇದೀನಿ ಇಲಿ, ಎಷ್ಟು ಸಲ ಹೇಳ್ತೀಯ — ಇಲಿ, ಮೂವತ್ತೆಂಟು ವರ್ಷದ ಇಲಿ — ಅವಳು ಸ್ಪ್ಯಾನರಿನಿಂದ ಕೊಳವೆಯ ಬುಡದ ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿದಳು, ಗಾಳಿ ಕಕ್ಕಿತು, ಬಿಗಿದಳು, ಈಗ ಬಿಡು. ಬ್ರೇಕಿನೊಳಗೆ ಸೇರಿದ ಗಾಳಿಯನ್ನು ಹೊರಗೆ ಹಾಕುವುದು, ಇಷ್ಟೇ ಕೆಲಸ, ಒಬ್ಬರ ಕಾಲು ಇನ್ನೊಬ್ಬರ ಕೈ, ಮೈಯಲ್ಲಿ ವಿಷ ಕುದಿಯುವ ಇಬ್ಬರು ಒಡಹುಟ್ಟಿದವರನ್ನೂ ಅರ್ಧ ಗಂಟೆ ಒಂದೇ ಉಸಿರಿನಲ್ಲಿ ಕಟ್ಟಿಹಾಕುವ ಕೆಲಸ. ಅಪ್ಪ ಕೆಳಗೆ ಮಲಗಿ ಅವಳನ್ನು ಪೆಡಲಿನ ಮೇಲೆ ನಿಲ್ಲಿಸುತ್ತಿದ್ದ, ಎರಡೂ ಕಾಲು, ಲಂಗ ಮೇಲೆತ್ತಿಕೊಂಡು, ನಾನು ಬಿಡು ಅಂದ್ಮೇಲೆ ಬಿಡು ಮಗಳೇ, ಅದಕ್ಕೆ ಮುಂಚೆ ಬಿಟ್ರೆ ಹೊರಗೆ ಬಂದ ಗಾಳಿ ವಾಪಸ್ ಒಳಗೆ ಹೋಗುತ್ತೆ, ಬ್ರೇಕ್ ಹಿಡಿಯಲ್ಲ, ಆಮೇಲೆ ನಿನ್ನಪ್ಪನ್ನ ಗೋಡೆಯಿಂದ ಕೆರೆದು ತೆಗೀಬೇಕಾಗುತ್ತೆ — ನಕ್ಕಿದ್ದ, ಆಮೇಲೊಮ್ಮೆ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಹೋದಾಗ ಮಾತ್ರ ನಗಲಿಲ್ಲ, ಪಕ್ಕದ ಸೀಟಿನಲ್ಲಿ ಕುಳಿತು ಅವಳು ನೋಡುತ್ತಿದ್ದಾಳೆ, ಅಪ್ಪನ ಚಪ್ಪಲಿ ಪೆಡಲನ್ನು ತುಳಿಯುತ್ತದೆ, ಪೆಡಲು ನೆಲಕ್ಕೆ ಹೋಗುತ್ತದೆ, ಮತ್ತೆ ತುಳಿಯುತ್ತದೆ, ನೆಲ, ಮೂರನೆಯ ಸಲಕ್ಕೆ ಎಲ್ಲೋ ಏನೋ ಹಿಡಿದು ಗೋಡೆ ಕಾರಿನ ಮೂತಿಯ ಮುಂದೆ ಒಂದು ಗೇಣಿನಲ್ಲಿ ನಿಂತಿತು, ಅಮ್ಮನಿಗೆ ಹೇಳ್ಬೇಡ, ಎಂದ ಅಪ್ಪ. ಹೇಳಲಿಲ್ಲ. ಅಣ್ಣ ಆ ಕಾರಿನಲ್ಲಿರಲಿಲ್ಲ, ಅಣ್ಣ ಎಂದೂ ಇರಲಿಲ್ಲ, ಕಾರು ಹೊಳೆಯುವಾಗ ಮಾತ್ರ ಅದರ ಮುಂದೆ ನಿಂತು ಪಟ ತೆಗೆಸಿಕೊಳ್ಳಲು ಇರುತ್ತಿದ್ದ. ಅಪ್ಪ ಹೋದ ಮೇಲೆ ಇಬ್ಬರಿಗೂ ಸೇರಿದ ಕಾರು, ಕೆಂಪು, ಎರಡೇ ಸೀಟು, ತಯಾರಿಕೆ ನಿಂತು ಯಾವ ಕಾಲವಾಯಿತೋ, ಇಂದು ಹನ್ನೊಂದಕ್ಕೆ ರೇಸಿನ ಮೈದಾನದ ಗೇಟು ತೆರೆಯುತ್ತದೆ, ಸ್ವಂತ ಕಾರಿದ್ದವರು ಒಂದು ದಿನ ಮನಸಾರೆ ಓಡಿಸಬಹುದು, ಬೆಳಿಗ್ಗೆ ನೀನು ಮಧ್ಯಾಹ್ನ ನಾನು, ಎಂದಿದ್ದ, ಆ ಒಂದು ಮಾತಿಗೆ ಅವಳು ಮೂರು ತಿಂಗಳು ಬುಷ್ ಬದಲಿಸಿದಳು, ಕಾರ್ಬ್ಯುರೇಟರ್ ಬಿಚ್ಚಿ ತೊಳೆದಳು, ರೇಸಿನ ಬೆಲ್ಟನ್ನು ತನ್ನ ಭುಜಕ್ಕೆ ಅಳೆದು ಕಟ್ಟಿದಳು — ಇವತ್ತು ಬೆಳಿಗ್ಗೆ ನೋಡಿದರೆ ಬೆಲ್ಟು ಅಣ್ಣನ ಹೊಟ್ಟೆಯ ಅಳತೆಗೆ ಸಡಿಲವಾಗಿದೆ. ಅಷ್ಟು ಸಾಕಾಯಿತು, ಅಣ್ಣ ಮೈದಾನಕ್ಕೆ ತುಂಬಿದ ಫಾರ್ಮನ್ನು ಆಮೇಲೆ ಓದಿದಳು: ಚಾಲಕರು ಒಬ್ಬರೇ, ಅವಳು ಮೆಕ್ಯಾನಿಕ್. ಬೇಜಾರು ಮಾಡ್ಕೋಬೇಡ, ನೀನು ಗೇರ್ ಹಾಕೋದು ಹಿಟ್ಟು ನಾದಿದ ಹಾಗೆ, ನನ್ನ ಫ್ರೆಂಡ್ಸೆಲ್ಲ ನೋಡೋಕೆ ಬರ್ತಿದಾರೆ, ಮುಂದಿನ ಸಲ ನೀನೇ. ಮುಂದಿನ ಸಲ, ಅವನ ಬಾಯಿ ಗುಡಿಸಿ ಒರೆಸಿದಷ್ಟು ಚೊಕ್ಕಟ, ಈಗಲೂ ಮೇಲೆ ಫೋನಿನಲ್ಲಿ, ಪೂರ್ತಿ ನಾನೇ ಬಿಚ್ಚಿ ಜೋಡಿಸಿದ್ದು ಕಣೋ, ಇಂಜಿನ್ನಿಂದ ಹಿಡಿದು — ಒತ್ತು, ಒತ್ತಿದೀನಿ, ಹಿಡ್ಕೋ, ಹೂಂ ಹೂಂ, ನಿಪ್ಪಲು ಸಡಿಲ, ಗುಳ್ಳೆ ಹೊರಬಂತು, ಏರಿತು, ಮೇಲೆ ಅಣ್ಣ ಹಹಹ ಎಂದು ನಕ್ಕ, ಕಾಲು ಎತ್ತಿದ, ಗುಳ್ಳೆ ನಿಂತಿತು, ಹಿಂದಕ್ಕೆ ಸರಿಯಿತು, ಬಂದ ದಾರಿಯಲ್ಲೇ ನುಸುಳಿ ಒಳಹೊಕ್ಕಿತು.

ಗಾಳಿ ಒಳಗೆ ಹೋಯ್ತು, ಇನ್ನೊಂದ್ಸಲ ಒತ್ತು. ಸಾಕು ಮಾರಾಯ್ತಿ, ನಾಲ್ಕೂ ಚಕ್ರ ಆಯ್ತಲ್ಲ, ಪೆಡಲು ಕಲ್ಲಿದ್ದ ಹಾಗಿದೆ. ತಣ್ಣಗಿರೋವಾಗ ಹಾಗೇ ಇರುತ್ತೆ, ಬಿಸಿಯಾದ್ಮೇಲೆ ನೋಡು, ನೆಲಕ್ಕೆ ಹೋಗುತ್ತೆ. ನಿಂದು ಬರೀ ಹೊಟ್ಟೆಕಿಚ್ಚು, ಚಕ್ರ ಹಾಕು, ನಾನು ಸ್ನಾನ ಮಾಡಿ ಬರ್ತೀನಿ — ಬಾಗಿಲು ದಡ್ ಎಂದಿತು, ಒಳಗೆ ನೀರಿನ ಸದ್ದು. ಹಾಕುತ್ತೇನೆ, ಚೆನ್ನಾಗಿಯೇ ಹಾಕುತ್ತೇನೆ, ಹೇಳಿಯಾಗಿದೆಯಲ್ಲ, ತಪ್ಪು ನನ್ನದಲ್ಲ, ಮೂರನೆಯ ಸುತ್ತು, ಉದ್ದನೆಯ ನೇರ ದಾರಿ, ಕೊನೆಗೆ ತಿರುವು, ತಿರುವಿನಾಚೆ ಗೋಡೆ, ಫ್ರೆಂಡ್ಸೆಲ್ಲ ನೋಡುತ್ತಿರುತ್ತಾರೆ, ಅವನ ಹೊಸ ಬೂಟು ಪೆಡಲನ್ನು ತುಳಿಯುತ್ತದೆ, ನೆಲ — ಅಪ್ಪನ ಚಪ್ಪಲಿ, ನೆಲ — ಎಷ್ಟು ಸಿಹಿಯಾಗಿತ್ತು ಆ ಯೋಚನೆ, ನಾಲಿಗೆಯ ಮೇಲೆ ಹಾಗೇ ಇಟ್ಟುಕೊಂಡು ಅವಳು ಒಂದು ಚಕ್ರವನ್ನು ಎತ್ತಿ ಕೂರಿಸಿದಳು, ಮೊದಲ ನಟ್ಟನ್ನು ಬೆರಳಿನಲ್ಲಿ ತಿರುಗಿಸಿದಳು, ಅಪ್ಪ ಲೇತಿನ ಮೇಲೆ ಕಡೆದು ಮಾಡಿದ ನಟ್ಟು, ಈ ಅಳತೆಯದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಯಾವ ಅಂಗಡಿಯಲ್ಲೂ. ಬೆರಳು ನಿಂತಿತು. ತಿರುಗಿಸಿದ್ದನ್ನು ಬಿಚ್ಚಿದಳು, ಚಕ್ರವನ್ನು ಗೋಡೆಗೆ ಒರಗಿಸಿದಳು, ತಗಡಿನ ಡಬ್ಬಿಯಲ್ಲಿದ್ದ ಹದಿನೈದರ ಜೊತೆ ಅದನ್ನೂ ಸೇರಿಸಿ ಕೈಚೀಲಕ್ಕೆ ಸುರಿದಳು, ಸ್ಪ್ಯಾನರು, ಕೊಳವೆ, ಬಾಟಲಿ, ಒರೆಸುವ ಬಟ್ಟೆ, ಎಲ್ಲವೂ ಚೀಲಕ್ಕೆ — ಬದುಕು, ಹಾಳಾಗಿ ಹೋಗು, ಬದುಕಿಕೊಂಡು ಹಾಳಾಗಿ ಹೋಗು, ಫ್ರೆಂಡ್ಸ್ ಮುಂದೆ ಚಕ್ರವಿಲ್ಲದ ಕಾರಿನಲ್ಲಿ ಕೂತ್ಕೋ. ಒಳಗೆ ನೀರು ನಿಂತಿತು. ಅವಳು ರಸ್ತೆಗೆ ಇಳಿದಾಗಿದೆ, ಹೆಜ್ಜೆ ಹೆಜ್ಜೆಗೂ ನಟ್ಟುಗಳು ಗಲಗಲ ಎನ್ನುತ್ತವೆ, ಹಿಂದಿನಿಂದ ಏ ಇಲೀ, ನಟ್ಟೆಲ್ಲಿ, ಏ, ಇಲೀ, ಬಸ್ಸು ಯಾವುದಾದರೂ ಸರಿ, ಮೊದಲು ಬಂದದ್ದು, ತಿರುಗಿ ನೋಡಬಾರದು, ಉಳಿಸಿದ್ದಕ್ಕೆ ಧನ್ಯವಾದ ಹೇಳಲಾರ, ಹೇಳುವುದು ಬೇಡ, ಹೊಟ್ಟೆಕಿಚ್ಚಂತೆ, ಹೌದು, ಹೊಟ್ಟೆಕಿಚ್ಚೇ, ಆದರೆ ನಾಲಿಗೆಯ ಮೇಲಿನ ಆ ಸಿಹಿ, ಒಂದು ಚಕ್ರ ಕೂರಿಸುವಷ್ಟು ಹೊತ್ತು — ಗುಳ್ಳೆ ನಿಂತಿತು, ಹಿಂದಕ್ಕೆ ಸರಿಯಿತು, ಗುಳ್ಳೆ, ಸಾಸಿವೆಯಷ್ಟು, ಒಳಕ್ಕೆ